ಇಂಡಿ ವ್ರೆಸ್ಲಿಂಗ್ ಶೋಗೆ ಮೊದಲ ಸಲ ಹೊರಟಿರುವ ಹಳೇ ಅಭಿಮಾನಿಗಳಿಗೆ

ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಟ್ರಂಪ್ ಕಾರ್ಡ್ ಆಡಿಕೊಂಡು ಬೆಳೆದವರು ನಮ್ಮಲ್ಲಿ ತುಂಬಾ ಜನ ಇದ್ದೇವೆ. ಅಂಡರ್‌ಟೇಕರ್‌ಗೆ ಏಳು ಜೀವ ಅಂತ ಶಾಲೆಯಲ್ಲಿ ಜಗಳ ಆಡಿದವರು, ಟೆನ್ ಸ್ಪೋರ್ಟ್ಸ್ ಹಾಕಿಕೊಂಡು ಅಪ್ಪನ ಕೈಲಿ ಬೈಸಿಕೊಂಡವರು. ಅವರಲ್ಲಿ ಎಷ್ಟೋ ಮಂದಿ ಈಗ ನ್ಯೂಜೆರ್ಸಿ, ಚಿಕಾಗೊ, ಸಿಯಾಟಲ್, ಬೇ ಏರಿಯಾ ಕಡೆ ಓದಿಗೋ ಕೆಲಸಕ್ಕೋ ಬಂದಿದ್ದಾರೆ. ಡಬ್ಲ್ಯುಡಬ್ಲ್ಯುಇ ಊರಿಗೆ ಬಂದಾಗ ದುಬಾರಿ ಟಿಕೆಟ್ ತಗೊಂಡು, ಎಲ್ಲೋ ಮೇಲಿನ ಸಾಲಿನಲ್ಲಿ ಕೂತು, ರಿಂಗ್ ಕಾಣದೆ ದೊಡ್ಡ ಸ್ಕ್ರೀನ್ ನೋಡಿಕೊಂಡು ಬರುತ್ತಾರೆ. ಆದರೆ ಮನೆಯಿಂದ ಅರ್ಧ ಗಂಟೆ ದೂರದ ಒಂದು ಹಾಲ್‌ನಲ್ಲಿ, ಇನ್ನೂರು ಮುನ್ನೂರು ಜನರ ಮುಂದೆ, ಪೈಲ್ವಾನರ ಬೆವರು ಮೈಮೇಲೆ ಸಿಡಿಯುವಷ್ಟು ಹತ್ತಿರದಲ್ಲಿ ನಡೆಯುವ ಇಂಡಿ ಶೋ, ಅಂದರೆ ಸಣ್ಣ ಸ್ವತಂತ್ರ ಕಂಪನಿಗಳ ಶೋ ಬಗ್ಗೆ ಅವರಿಗೆ ಗೊತ್ತೇ ಇರುವುದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಷ್ಟು ವರ್ಷ ಟಿವಿ ಮುಂದೆ ಕೂತು ಸುಮ್ನೆ ನೋಡಿದ್ದೇವೆ. ಇಲ್ಲಿ ಹಾಗೆ ನೋಡಿದರೆ ಶೋ ಅರ್ಧವೇ ನಡೆದ ಹಾಗೆ. ನೀವು ಕೂಗಬೇಕು, ಬೈಯಬೇಕು, ಚಪ್ಪಾಳೆ ತಟ್ಟಬೇಕು. ರಿಂಗ್ ಒಳಗಿರುವ ಇಬ್ಬರು ನಿಮ್ಮ ದನಿ ಕೇಳಿಕೊಂಡೇ ಮುಂದೇನು ಮಾಡಬೇಕು ಅಂತ ತೀರ್ಮಾನ ಮಾಡುತ್ತಿರುತ್ತಾರೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭ.

ಯಾಕೆ ಹೋಗಬೇಕು

ನೀವು ಟಿವಿಯಲ್ಲಿ ಮೆಚ್ಚಿದ ಎಷ್ಟೋ ಮಂದಿ ಇಲ್ಲಿಂದಲೇ ಬಂದವರು. ರಿಂಗ್ ಆಫ್ ಆನರ್ ಅನ್ನುವ ಇಂಡಿ ಕಂಪನಿ ತನ್ನ ಮೊದಲ ಶೋ ಮಾಡಿದ್ದು 2002ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ. ಸಿಎಂ ಪಂಕ್, ಬ್ರಯಾನ್ ಡೇನಿಯಲ್ಸನ್, ಸಮೋವಾ ಜೋ, ಎಜೆ ಸ್ಟೈಲ್ಸ್ ಆ ಕಾಲದಲ್ಲಿ ಅಂಥ ಸಣ್ಣ ಹಾಲ್‌ಗಳಲ್ಲೇ ಆಡುತ್ತಿದ್ದರು. ಸೆತ್ ರಾಲಿನ್ಸ್ ಆಗ ಟೈಲರ್ ಬ್ಲ್ಯಾಕ್. ಕೆವಿನ್ ಓವೆನ್ಸ್ ಆಗ ಕೆವಿನ್ ಸ್ಟೀನ್. ಸಾಮಿ ಝೇನ್ ಮುಖವಾಡ ಹಾಕಿಕೊಂಡು ಎಲ್ ಜೆನೆರಿಕೊ ಅನ್ನುವ ಹೆಸರಿನಲ್ಲಿ ಬರುತ್ತಿದ್ದ. ಲಾಸ್ ಏಂಜಲೀಸ್‌ನ ರೆಸೀಡಾ ಬಡಾವಣೆಯಲ್ಲಿ ಮಾಜಿ ಸೈನಿಕರ ಒಂದು ಪುಟ್ಟ ಅಮೆರಿಕನ್ ಲೀಜನ್ ಹಾಲ್ ಇತ್ತು. ಪಿಡಬ್ಲ್ಯುಜಿ ಕಂಪನಿ ವರ್ಷಗಟ್ಟಲೆ ಅಲ್ಲಿ ಶೋ ಮಾಡಿತು. ಒಳಗೆ ಸೆಕೆ ತಡೆಯಲು ಆಗುತ್ತಿರಲಿಲ್ಲ, ಆದರೂ ಟಿಕೆಟ್ ನಿಮಿಷಗಳಲ್ಲಿ ಖಾಲಿಯಾಗುತ್ತಿತ್ತು. ಇದೇ ಇಂಡಿ ಲೋಕದ ಕೋಡಿ ರೋಡ್ಸ್ ಮತ್ತು ಯಂಗ್ ಬಕ್ಸ್ ಅನ್ನುವ ಜೋಡಿ ಸೇರಿ 2018ರ ಸೆಪ್ಟೆಂಬರ್ 1ರಂದು ಚಿಕಾಗೊ ಹತ್ತಿರ 'ಆಲ್ ಇನ್' ಅನ್ನುವ ಶೋ ಮಾಡಿದಾಗ 10,000ಕ್ಕೂ ಜಾಸ್ತಿ ಜನ ಬಂದರು. ಮಾರನೇ ವರ್ಷವೇ ಡಬ್ಲ್ಯುಡಬ್ಲ್ಯುಇಗೆ ಪೈಪೋಟಿ ಕೊಡುವ ಎಇಡಬ್ಲ್ಯು ಕಂಪನಿ ಹುಟ್ಟಿತು.

ಹಾಗಾಗಿ ಇವತ್ತು ನೀವು ಇಪ್ಪತ್ತೈದು ಡಾಲರ್ ಕೊಟ್ಟು ನೋಡುವ ಹುಡುಗ ಅಥವಾ ಹುಡುಗಿ ಐದು ವರ್ಷದಲ್ಲಿ ಟಿವಿಯಲ್ಲಿ ಬರಬಹುದು. ಬರದೆಯೂ ಇರಬಹುದು. ಟಿವಿಗೆ ಹೋಗದೆ ಇಪ್ಪತ್ತು ವರ್ಷ ಇದನ್ನೇ ಮಾಡಿಕೊಂಡು ಬಂದವರ ಆಟ ನೋಡುವುದಿದೆಯಲ್ಲ, ನನಗೆ ಅದು ಇನ್ನೂ ದೊಡ್ಡ ಸಂತೋಷ.

ಶೋ ಹುಡುಕುವುದು

ನಿಮ್ಮ ಊರು ಅಥವಾ ರಾಜ್ಯದ ಹೆಸರಿನ ಜೊತೆ 'ಪ್ರೊ ವ್ರೆಸ್ಲಿಂಗ್' ಅಂತ ಹಾಕಿ ಇನ್‌ಸ್ಟಾಗ್ರಾಮ್‌ನಲ್ಲಿ ಹುಡುಕಿ. ಸಣ್ಣ ಕಂಪನಿಗಳ ಪೋಸ್ಟರೆಲ್ಲ ಅಲ್ಲೇ ಇರುತ್ತದೆ. ಕೇಜ್‌ಮ್ಯಾಚ್ ಅನ್ನುವ ತಾಣದಲ್ಲಿ ಯಾವ ಕಂಪನಿ ಎಲ್ಲಿ, ಯಾವತ್ತು, ಯಾರನ್ನು ಇಟ್ಟುಕೊಂಡು ಶೋ ಮಾಡಿದೆ ಅನ್ನುವ ದಾಖಲೆ ಸಿಗುತ್ತದೆ. ಕೆಲವು ಜಾಗಗಳನ್ನು ಹೆಸರಿಸುತ್ತೇನೆ. ಚಿಕಾಗೊದವರಿಗೆ ಲೋಗನ್ ಸ್ಕ್ವೇರ್ ಆಡಿಟೋರಿಯಂನಲ್ಲಿ ಹೆಸರು ಮಾಡಿದ ಫ್ರೀಲಾನ್ಸ್ ವ್ರೆಸ್ಲಿಂಗ್ ಇದೆ. ಸಿಯಾಟಲ್‌ನವರಿಗೆ ವಾಷಿಂಗ್ಟನ್ ಹಾಲ್‌ನಲ್ಲಿ ಬೆಳೆದ ಡಿಫೈ ಅನ್ನುವ ಕಂಪನಿ ಇದೆ. ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ವೈಟ್ ಈಗಲ್ ಅನ್ನುವ ಕ್ಲಬ್ಬಿನಿಂದ ವ್ರೆಸ್ಲಿಂಗ್ ಓಪನ್ ಗುರುವಾರದ ಶೋ ಆಗಿ ಹೆಸರು ಮಾಡಿತು. ಲಂಡನ್ನಿನಲ್ಲಿರುವ ನಮ್ಮವರು ಬೆತ್ನಲ್ ಗ್ರೀನ್‌ನ ಯಾರ್ಕ್ ಹಾಲ್‌ಗೆ ಒಮ್ಮೆ ಹೋಗಲೇಬೇಕು.

ಫಿಲಡೆಲ್ಫಿಯಾಕ್ಕೆ ಕಾರಿನಲ್ಲಿ ಹೋಗುವಷ್ಟು ಹತ್ತಿರ ಇದ್ದರೆ 2300 ಅರೀನಾವನ್ನು ಬಿಡಬೇಡಿ. ಹಿಂದೆ ಇದೇ ಇಸಿಡಬ್ಲ್ಯು ಅನ್ನುವ ಕುಸ್ತಿ ಕಂಪನಿಯ ಅರೀನಾ ಆಗಿತ್ತು. ಬಿಂಗೊ ಆಡುತ್ತಿದ್ದ ಹಾಲ್ ಅದು. ತೊಂಬತ್ತರ ದಶಕದಲ್ಲಿ ಅಮೆರಿಕದ ಕುಸ್ತಿಯ ರೀತಿಯನ್ನೇ ಬದಲಿಸಿದ ಜಾಗ.

ಟಿಕೆಟ್ ಕೊಳ್ಳುವ ಮುಂಚೆ ಆ ಕಂಪನಿಯ ಹಳೆಯ ಒಂದು ಶೋ ನೋಡಿ. ಐಡಬ್ಲ್ಯುಟಿವಿ, ಟ್ರಿಲ್ಲರ್ ಟಿವಿ ಥರದ ಸ್ಟ್ರೀಮಿಂಗ್ ತಾಣಗಳಲ್ಲಿ, ಇಲ್ಲವೇ ಯೂಟ್ಯೂಬಿನಲ್ಲಿ ಏನಾದರೂ ಸಿಗುತ್ತದೆ. ಇದು ಬಹಳ ಮುಖ್ಯ, ಯಾಕಂದರೆ ಇಂಡಿ ಅಂದರೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ವಿಲನ್‌ಗೆ ನಾಲಿಗೆ ತೋರಿಸುತ್ತಿರುತ್ತಾರೆ. ಇನ್ನು ಕೆಲವು ಕಡೆ ಡೆತ್‌ಮ್ಯಾಚ್ ನಡೆಯುತ್ತದೆ: ಟ್ಯೂಬ್‌ಲೈಟ್, ಗಾಜು, ಮುಳ್ಳುತಂತಿ, ನಿಜವಾದ ರಕ್ತ. ನ್ಯೂಜೆರ್ಸಿಯ ಜಿಸಿಡಬ್ಲ್ಯು ಅಂಥ ಪಂದ್ಯಗಳಿಗೆ ಹೆಸರಾದ ಕಂಪನಿ. ಅಲ್ಲಿ ಒಳ್ಳೆಯ ಸಾದಾ ಕುಸ್ತಿಯೂ ಇರುತ್ತದೆ, ಆದರೆ ಆರು ವರ್ಷದ ಮಗುವನ್ನು ಕರೆದುಕೊಂಡು ಹೋಗುವ ಜಾಗ ಅದಲ್ಲ. ಬಾರ್ ಇರುವ ಜಾಗಗಳಲ್ಲಿ 18 ಅಥವಾ 21 ವರ್ಷ ಆಗಿರಬೇಕು ಅನ್ನುವ ನಿಯಮವೂ ಇರಬಹುದು. ಪೋಸ್ಟರಿನ ಕೆಳಗಿನ ಸಣ್ಣ ಅಕ್ಷರ ಓದಿ.

ಟಿಕೆಟ್ ಮತ್ತು ಸೀಟು

ಸಾಮಾನ್ಯವಾಗಿ 20ರಿಂದ 40 ಡಾಲರ್ ಇರುತ್ತದೆ. ಮುಂದಿನ ಸಾಲಿಗೆ ಜಾಸ್ತಿ. ಪೋಸ್ಟರಿನಲ್ಲಿ 'ಕಾರ್ಡ್ (ಅಂದರೆ ಆ ದಿನದ ಪಂದ್ಯಗಳ ಪಟ್ಟಿ) ಬದಲಾಗಬಹುದು' ಅಂತ ಬರೆದಿರುತ್ತದೆ, ಅದನ್ನು ನಂಬಿ. ಪೆಟ್ಟಾಗುತ್ತದೆ, ವಿಮಾನ ತಪ್ಪುತ್ತದೆ, ದೊಡ್ಡ ಕಂಪನಿ ಕರೆದರೆ ಪೈಲ್ವಾನ ಹೊರಟುಬಿಡುತ್ತಾನೆ. ಟಿವಿಯಲ್ಲಿ ನೋಡಿದ ಒಂದೇ ಒಂದು ಹೆಸರಿಗೋಸ್ಕರ ಟಿಕೆಟ್ ತಗೊಂಡರೆ ಬೇಜಾರಾಗುವ ಸಾಧ್ಯತೆ ಇದೆ. ಪೋಸ್ಟರಿನಲ್ಲಿರುವ ಎರಡು ಮೂರು ಗೊತ್ತಿಲ್ಲದ ಹೆಸರುಗಳನ್ನು ಹುಡುಕಿ, ಅವರ ಒಂದೊಂದು ಪಂದ್ಯ ನೋಡಿ ಹೋಗಿ. ಶೋ ದಿನ ಅವರು ನಿಮಗೆ ಪರಿಚಯದವರ ಹಾಗೆ ಕಾಣುತ್ತಾರೆ.

ಮುಂದಿನ ಸಾಲು ಎಲ್ಲರಿಗೂ ಆಸೆ. ಆದರೆ ಮೊದಲ ಸಲಕ್ಕೆ ನಾನು ಹೇಳುವುದು ಎರಡನೆಯ ಅಥವಾ ಮೂರನೆಯ ಸಾಲು, ದಾರಿ ಪಕ್ಕದ ಕುರ್ಚಿ. ಮುಂದಿನ ಸಾಲಿನ ಮೇಲೆ ಪೈಲ್ವಾನರು ನಿಜವಾಗಿಯೂ ಬಂದು ಬೀಳುತ್ತಾರೆ. ಹಾಲ್‌ನ ನೆಲ ಸಮತಟ್ಟು, ಕುರ್ಚಿಗಳು ಮಡಚುವ ಕಬ್ಬಿಣದವು. ಹಾಗಾಗಿ ಎತ್ತರ ಕಡಿಮೆ ಇರುವವರಿಗೆ ಹಿಂದಿನ ಸಾಲಿಗಿಂತ ಗೋಡೆ ಪಕ್ಕದ ಮೆಟ್ಟಿಲು ಸೀಟೋ ನಿಂತು ನೋಡುವ ಜಾಗವೋ ಎಷ್ಟೋ ವಾಸಿ. ಇನ್ನೊಂದು ಉಪಾಯ: ದೊಡ್ಡ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ನಿಂತಿರುವ ಕಡೆ ಕೂತುಕೊಳ್ಳಿ. ಪೈಲ್ವಾನರು ಮುಖ ತೋರಿಸುವುದು ಆ ಕ್ಯಾಮೆರಾಕ್ಕೆ, ಹಾಗಾಗಿ ನೋವು, ಸಿಟ್ಟು, ನಗು ಎಲ್ಲ ನಿಮಗೂ ಕಾಣುತ್ತದೆ. ಎದುರುಗಡೆ ಕೂತರೆ ಬೆನ್ನೇ ಜಾಸ್ತಿ.

ಹೊರಡುವ ಮುನ್ನ

ನಗದು ಇಟ್ಟುಕೊಳ್ಳಿ. ಐದು, ಹತ್ತು, ಇಪ್ಪತ್ತರ ನೋಟುಗಳು. ಬ್ಯಾಂಕ್ ಕಾರ್ಡ್, ವೆನ್ಮೊ ಆ್ಯಪ್ ನಡೆಯುತ್ತದೆ, ಆದರೆ ಹಳೇ ಕಟ್ಟಡಗಳ ಒಳಗೆ ಸಿಗ್ನಲ್ ಕೈಕೊಡುತ್ತದೆ. ಫೋಟೊ ಇರುವ ಗುರುತಿನ ಚೀಟಿ ಬೇಕು. ಗಟ್ಟಿ ಶೂ ಹಾಕಿ, ಚಪ್ಪಲಿ ಬೇಡ.

ಸಸ್ಯಾಹಾರಿಗಳು ಮನೆಯಲ್ಲೇ ಊಟ ಮಾಡಿಕೊಂಡು ಹೊರಡಿ. ಒಳಗೆ ಹಾಟ್‌ಡಾಗ್, ನಾಚೋಸ್, ಚಿಪ್ಸ್, ಹೆಚ್ಚೆಂದರೆ ಒಂದು ತುಂಡು ಪಿಜ್ಜಾ ಸಿಗುತ್ತದೆ. ಶೋ ಮೂರು ಗಂಟೆ ಎಳೆಯುತ್ತದೆ. ಮೂರು ಗಂಟೆ ಕೂಗಿ, ಹಸಿದುಕೊಂಡು ಕಾರು ಓಡಿಸುವುದು ಬೇಡ.

ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ

ಸಾಮಾನ್ಯವಾಗಿ ಬೆಲ್ ಹೊಡೆಯುವ ಒಂದು ಗಂಟೆ ಮುಂಚೆ ಬಾಗಿಲು ತೆರೆಯುತ್ತಾರೆ. ಆ ಒಂದು ಗಂಟೆಯನ್ನು ಕಳೆದುಕೊಳ್ಳಬೇಡಿ. ಗೋಡೆ ಪಕ್ಕ ಮೇಜು ಹಾಕಿಕೊಂಡು ಪೈಲ್ವಾನರೇ ತಮ್ಮ ಟಿ-ಶರ್ಟ್, ಫೋಟೊ, ಸ್ಟಿಕ್ಕರ್ ಮಾರುತ್ತಾ ಕೂತಿರುತ್ತಾರೆ. ಎಷ್ಟೋ ಮಂದಿಗೆ ಆ ರಾತ್ರಿ ಕೈಗೆ ಬರುವ ದುಡ್ಡಿನಲ್ಲಿ ಈ ಮೇಜಿನದೇ ದೊಡ್ಡ ಪಾಲು. ಶೋ ನಡೆಸುವ ಪ್ರೊಮೋಟರ್ ಕೊಡುವುದು ಪೆಟ್ರೋಲ್ ಖರ್ಚಿಗೆ ಸರಿಹೋಗುವುದೂ ಉಂಟು. ಅದಕ್ಕೇ ಹೇಳುವುದು, ಟಿಕೆಟ್‌ಗೆ ಸ್ವಲ್ಪ ಕಡಿಮೆ ಖರ್ಚು ಮಾಡಿ ಮೇಜಿನ ಹತ್ತಿರ ಸ್ವಲ್ಪ ಜಾಸ್ತಿ ಮಾಡಿ.

ಮಾತಾಡಿಸಲು ಸಂಕೋಚ ಬೇಡ. 'ನಿಮ್ಮ ಇಂಥ ಪಂದ್ಯ ನೋಡಿದೆ, ಇಷ್ಟ ಆಯಿತು' ಅಂದರೆ ಸಾಕು, ಅವರ ಮುಖ ಅರಳುತ್ತದೆ. ಜೊತೆಗೆ ಫೋಟೊ ಬೇಕಾದರೆ ಮೊದಲು ಕೇಳಿ, ಅದಕ್ಕೆ ದುಡ್ಡಿದ್ದರೆ ಕೊಡಿ. ಹೆಗಲ ಮೇಲೆ ಕೈ ಹಾಕುವ ಮುಂಚೆಯೂ ಕೇಳಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದನ್ನು ಎರಡು ಸಲ ಹೇಳಬೇಕು, ಯಾಕಂದರೆ ಮೇಜಿನ ಹಿಂದೆ ಕೂತವರಿಗೆ ಎದ್ದು ಹೋಗುವ ದಾರಿ ಇರುವುದಿಲ್ಲ. ಹಿಂದೆ ಸಾಲು ಬೆಳೆದಿದ್ದರೆ ನಿಮ್ಮ ಮಾತು ಮುಗಿಸಿ.

ರಿಂಗನ್ನೂ ಹತ್ತಿರದಿಂದ ನೋಡಿ. ಡಬ್ಲ್ಯುಡಬ್ಲ್ಯುಇ ರಿಂಗ್ 20 ಅಡಿ ಚೌಕ. ಸಣ್ಣ ಕಂಪನಿಗಳದ್ದು ಹೆಚ್ಚಾಗಿ 16ರಿಂದ 18 ಅಡಿ. ಕೆಳಗೆ ಉಕ್ಕಿನ ತೊಲೆ, ಮೇಲೆ ಮರದ ಹಲಗೆ, ಅದರ ಮೇಲೆ ತೆಳು ಫೋಮ್, ಆಮೇಲೆ ಕ್ಯಾನ್ವಾಸ್ ಬಟ್ಟೆ. ಅಷ್ಟೇ. ಕೆಳಗೆ ಹಾಸಿಗೆ ಇದೆ ಅಂತ ಯಾರೋ ಹೇಳಿದ್ದನ್ನು ಮರೆತುಬಿಡಿ. ಹಗ್ಗವೂ ಹಾಗೇ. ಡಬ್ಲ್ಯುಡಬ್ಲ್ಯುಇಯಲ್ಲಿ ನಿಜವಾದ ಹಗ್ಗಕ್ಕೆ ಟೇಪ್ ಸುತ್ತಿರುತ್ತಾರೆ. ಇಲ್ಲಿ ಹೆಚ್ಚಾಗಿ ಉಕ್ಕಿನ ಕೇಬಲ್ ಮೇಲೆ ರಬ್ಬರ್ ಪೈಪ್ ತೊಡಿಸಿ ಟೇಪ್ ಸುತ್ತುತ್ತಾರೆ. ಓಡಿ ಬಂದು ಬೆನ್ನು ಕೊಟ್ಟರೆ ಬರೆ ಏಳುತ್ತದೆ.

ರಿಂಗ್ ಜೋಡಿಸಿದವರು, ಟಿಕೆಟ್ ಹರಿದವರು, ಕುರ್ಚಿ ಹಾಕಿದವರು ಹೆಚ್ಚಾಗಿ ಅದೇ ಕಂಪನಿಯ ತರಬೇತಿ ಶಾಲೆಯ ಹುಡುಗ ಹುಡುಗಿಯರು. ಮೊದಲ ಪಂದ್ಯದಲ್ಲಿ ಅವರಲ್ಲೇ ಒಬ್ಬರು ಆಡಬಹುದು. ಆದ್ದರಿಂದ ತಡವಾಗಿ ಬರಬೇಡಿ, ಮೊದಲ ಪಂದ್ಯಕ್ಕೆ ಕೂಗಿ. ಅವರಿಗೆ ಆ ಸದ್ದು ಎಷ್ಟು ಬೇಕೋ ಅಷ್ಟು ಮುಖ್ಯ ಪಂದ್ಯದವರಿಗೂ ಬೇಕಾಗಿರುವುದಿಲ್ಲ.

ಬೆಲ್ ಹೊಡೆದ ಮೇಲೆ

ಹಳೇ ಅಭಿಮಾನಿಗಳು ಎಡವುವುದು ಇಲ್ಲೇ. ನಮಗೆ ಎಲ್ಲ ಗೊತ್ತು ಅನ್ನುವ ಭಾವನೆ. ಯಾವ ಪಟ್ಟು ಯಾರದ್ದು, ಯಾರು ಗೆಲ್ಲುತ್ತಾರೆ, ಯಾರಿಗೆ ಪ್ರೊಮೋಟರ್ ಕಡೆಯಿಂದ ಬೆಂಬಲ ಇದೆ ಅಂತ ಕೈಕಟ್ಟಿಕೊಂಡು ಪಕ್ಕದವರಿಗೆ ವಿವರಿಸುತ್ತಾ ಕೂರುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಫಲಿತಾಂಶ ಮೊದಲೇ ತೀರ್ಮಾನ ಆಗಿರುತ್ತದೆ ಅನ್ನುವುದು ಗುಟ್ಟೇನಲ್ಲ. 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ನಡೆಸುತ್ತಿದ್ದ ವಿನ್ಸ್ ಮೆಕ್‌ಮಹನ್ ಕಂಪನಿಯೇ ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ಇದು ಮನರಂಜನೆ ಅಂತ ಒಪ್ಪಿಕೊಂಡಿತು. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂರುತ್ತೇವಲ್ಲ, ವೇಷಧಾರಿ ಹೇಗೆ ಮಾಡುತ್ತಾನೆ ಅಂತ ನೋಡಲು? ಇಲ್ಲಿಯೂ ಹಾಗೆಯೇ ಕೂತುಕೊಳ್ಳಿ.

ಒಳ್ಳೆಯವನಿಗೆ ಜೈ ಅನ್ನಿ, ಕೆಟ್ಟವನಿಗೆ 'ಬೂ' ಅನ್ನಿ. ಇಂಡಿ ಶೋಗಳಲ್ಲಿ ಹೀಲ್‌ಗಳು, ಅಂದರೆ ವಿಲನ್ ಪಾತ್ರದವರು, ನಿಮ್ಮ ಮುಖ ನೋಡಿಯೇ ಮಾತಾಡುತ್ತಾರೆ. ನಿಮ್ಮ ಟಿ-ಶರ್ಟ್ ಹೀಯಾಳಿಸುತ್ತಾರೆ, ಬಾಯಿ ಮುಚ್ಚು ಅನ್ನುತ್ತಾರೆ. ಅದು ನಿಮಗೆ ಸಿಕ್ಕ ಗೌರವ. ತಿರುಗಿ ಕೂಗಿ. ಅವರು ಕಷ್ಟಪಟ್ಟು ಕೆಟ್ಟವರಾಗಿರುವಾಗ ಜಾಣತನ ತೋರಿಸಲು ಅವರಿಗೇ ಚಪ್ಪಾಳೆ ತಟ್ಟಿದರೆ ಎದುರಾಳಿಯ ಕೆಲಸ ಕೆಡುತ್ತದೆ. 'ದಿಸ್ ಈಸ್ ಆಸಮ್' ಅನ್ನುವ ಕೂಗನ್ನು ಪ್ರತಿ ಪಂದ್ಯಕ್ಕೂ ಖರ್ಚು ಮಾಡಬೇಡಿ, ನಿಜವಾಗಿಯೂ ಮೈ ಜುಮ್ಮೆಂದಾಗ ಕೂಗಿ. ಹಳೇ ಪೈಲ್ವಾನ ಬಂದು ಇನ್ನೂ ಚೆನ್ನಾಗಿ ಆಡಿದರೆ 'ಯು ಸ್ಟಿಲ್ ಗಾಟ್ ಇಟ್' ಅನ್ನುತ್ತಾರೆ. ಗೊತ್ತಿಲ್ಲದ ಕೂಗು ಬಂದರೆ ಒಂದೆರಡು ಸಲ ಕೇಳಿಸಿಕೊಂಡು ಸೇರಿಕೊಳ್ಳಿ. ಕನ್ನಡದಲ್ಲಿ 'ಹೊಡಿ ಮಗಾ' ಅಂತ ಕೂಗಿದರೂ ಯಾರೂ ಏನೂ ಅನ್ನುವುದಿಲ್ಲ, ಉತ್ಸಾಹ ಎಲ್ಲರಿಗೂ ಅರ್ಥವಾಗುತ್ತದೆ.

ಮಿತಿ ಇದೆ. ಬಣ್ಣ, ಜಾತಿ, ದೇಶ, ಹೆಣ್ಣು ಗಂಡು, ಮೈಕಟ್ಟು ಹಿಡಿದು ಬೈಯುವುದು ಬೇಡ. ನಮಗೆ ಇದು ಹತ್ತಿರದ ವಿಷಯ. ಉತ್ತರ ಅಮೆರಿಕದ ಕುಸ್ತಿಯಲ್ಲಿ ಭಾರತ ಮೂಲದವರಿಗೆ ಸಿಕ್ಕಿದ್ದು ಹೆಚ್ಚಾಗಿ ಪರದೇಶಿ ವಿಲನ್ ಪಾತ್ರವೇ. ಕ್ಯಾಲ್ಗರಿಯಲ್ಲಿ ಗಾಮಾ ಸಿಂಗ್ ಅದನ್ನೇ ಮಾಡಿದರು. 2017ರಲ್ಲಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ ಜಿಂದರ್ ಮಹಲ್ ಕೆನಡಾದಲ್ಲೇ ಹುಟ್ಟಿದವರು, ಅವರಿಗೂ ಅದೇ ವೇಷ. ನಿಮ್ಮ ಊರಿನ ಶೋದಲ್ಲಿ ಅಂಥ ಪಾತ್ರ ಬಂದಾಗ ಪಕ್ಕದವರು ಉಚ್ಚಾರಣೆ ಅಣಕಿಸಲು ಶುರುಮಾಡಿದರೆ, ನೀವು ಗಟ್ಟಿಯಾಗಿ ಆ ಪೈಲ್ವಾನನ ಹೆಸರು ಹಿಡಿದು ಕೂಗಿ. ಮೀರಿ ಹೋದರೆ ಸೆಕ್ಯೂರಿಟಿಯವರಿಗೆ ಹೇಳಿ. ಒಳ್ಳೆಯ ಕಂಪನಿಗಳು ಅಂಥವರನ್ನು ಹೊರಗೆ ಕಳಿಸುತ್ತವೆ. ಕಳಿಸದಿದ್ದರೆ ಮುಂದಿನ ಸಲ ಬೇರೆ ಕಂಪನಿಗೆ ಹೋಗಿ.

ಕಿವಿ ತೆರೆದಿಟ್ಟುಕೊಳ್ಳಿ. ಟಿವಿಯಲ್ಲಿ ಕೇಳದ ಸದ್ದುಗಳು ಇಲ್ಲಿ ಕೇಳುತ್ತವೆ. ಎದೆ ಮೇಲೆ ಅಂಗೈ ಬೀಸಿ ಹೊಡೆಯುವ ಚಾಪ್ ಇದೆಯಲ್ಲ, ಅದು ನಿಜವಾದ ಏಟು. ಮೂರು ನಾಲ್ಕು ಬಿದ್ದ ಮೇಲೆ ಎದೆ ಕೆಂಪಾಗುವುದನ್ನು ನೀವೇ ನೋಡುತ್ತೀರಿ. ಅಂಗಾತ ಬಿದ್ದಾಗ ಹಲಗೆ ಗುಡುಗುತ್ತದೆ. ಹಿಡಿತದಲ್ಲಿ ಇಬ್ಬರೂ ತಲೆ ತಗ್ಗಿಸಿದಾಗ ಮುಂದಿನ ಪಟ್ಟನ್ನು ಪಿಸುಗುಟ್ಟುವುದು ಕೇಳಿಸಲೂಬಹುದು. ಕೇಳಿಸಿದರೆ ಅದನ್ನು ಜೋರಾಗಿ ಹೇಳಬೇಡಿ.

ಕೆಲವು ಕಡೆ ಪೈಲ್ವಾನರ ಹೆಸರು ಕರೆಯುವಾಗ ಬಣ್ಣದ ಕಾಗದದ ಸುರುಳಿ ಎಸೆಯುತ್ತಾರೆ, ಜಪಾನಿನಿಂದ ಬಂದ ಪದ್ಧತಿ. ನೋಡಲು ತುಂಬಾ ಚೆಂದ. ಎಸೆಯುವವರು ಮೊದಲೇ ಸುರುಳಿಯನ್ನು ಸಡಿಲ ಮಾಡಿ, ಒಂದು ತುದಿ ಕೈಲಿ ಹಿಡಿದು, ರಿಂಗಿನ ಮೇಲೆ ಎತ್ತರಕ್ಕೆ ಎಸೆಯಬೇಕು. ಬಿಗಿ ಸುರುಳಿ ಮುಖಕ್ಕೆ ಬಡಿದರೆ ಪೆಟ್ಟಾಗುತ್ತದೆ. ಆ ಕಂಪನಿಯಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ಕೇಳಿಕೊಳ್ಳಿ, ಬೆಲ್ ಹೊಡೆದ ಮೇಲೆ ಏನನ್ನೂ ಎಸೆಯಬೇಡಿ.

ಜಗಳ ನಿಮ್ಮ ಕಡೆಗೇ ಬಂದಾಗ

ಬಂದೇ ಬರುತ್ತದೆ. ಹಗ್ಗದ ಮೇಲಿನಿಂದ ಹೊರಗೆ ಹಾರುತ್ತಾರೆ, ಕುರ್ಚಿಗಳ ನಡುವೆ ಹೊಡೆದಾಡುತ್ತಾರೆ. ಸೆಕ್ಯೂರಿಟಿಯವರು ಏಳಿ ಅಂದ ತಕ್ಷಣ ಏಳಿ. ಬ್ಯಾಗು, ಬಿಯರು, ಮಗು, ಎಲ್ಲ ನಿಮ್ಮ ಜೊತೆಗೇ ಹಿಂದಕ್ಕೆ ಬರಬೇಕು. ಕುರ್ಚಿ ಹಿಡಿದುಕೊಂಡು ಕೂರಬೇಡಿ. ನೆಲದ ಮೇಲೆ ಬಿಯರ್ ಚೆಲ್ಲಿದ್ದರೆ ಜಾರಿ ಬೀಳುವವನು ಪೈಲ್ವಾನ, ಹಾಗಾಗಿ ಚೆಲ್ಲಿದ್ದನ್ನು ಒರೆಸಲು ಹೇಳಿ. ಪೈಲ್ವಾನರು ಕೈ ಚಾಚಿದರೆ ಕೈ ಕೊಡಿ, ಇಲ್ಲದಿದ್ದರೆ ಬೆನ್ನು ತಟ್ಟುವುದು, ಎಳೆಯುವುದು ಬೇಡ. ಫೋನ್ ತಲೆ ಮೇಲೆ ಎತ್ತಿ ಇಡೀ ಪಂದ್ಯ ರೆಕಾರ್ಡ್ ಮಾಡಬೇಡಿ, ಹಿಂದಿನವರಿಗೂ ಕಾಣಬೇಕು. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಹಗ್ಗದ ಮೇಲೆ ನಿಂತವನ ಕಣ್ಣಿಗೆ ಹೊಡೆಯುತ್ತದೆ.

ಡೆತ್‌ಮ್ಯಾಚ್ ಆದರೆ ಮುಂದಿನ ಸಾಲಿನವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಟ್ಯೂಬ್‌ಲೈಟಿನ ಚೂರು ದೂರದವರೆಗೂ ಹಾರುತ್ತದೆ.

ರೆಫರಿ ಎರಡು ಕೈ ಎತ್ತಿ 'ಎಕ್ಸ್' ಆಕಾರದಲ್ಲಿ ಅಡ್ಡ ಹಿಡಿದರೆ ಸಾಮಾನ್ಯವಾಗಿ ಅದು ನಿಜವಾದ ಪೆಟ್ಟಿನ ಗುರುತು. ಆಗ ಕೂಗು ನಿಲ್ಲಿಸಿ, ಫೋನ್ ಕೆಳಗಿಡಿ, ದಾರಿ ಬಿಡಿ. ಆ ಹುಡುಗನ ಮನೆಯವರು ಅದೇ ಹಾಲ್‌ನಲ್ಲಿ ಕೂತಿರಬಹುದು.

ಮಧ್ಯಂತರ ಮತ್ತು ಆಮೇಲೆ

ಮಧ್ಯಂತರ ಹದಿನೈದು ಇಪ್ಪತ್ತು ನಿಮಿಷ. ಶೌಚಾಲಯದ ಸಾಲು ಮತ್ತು ಮೇಜಿನ ಸಾಲು ಎರಡೂ ಉದ್ದ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೊದಲ ಅರ್ಧದಲ್ಲಿ ಆಡಿದವರು ಆಗಲೇ ಮೇಜಿಗೆ ಬಂದಿರುತ್ತಾರೆ. ನಿಮಗೆ ಇಷ್ಟವಾದವರು ಸೋತವರಾಗಿದ್ದರೆ ಅವರ ಹತ್ತಿರವೇ ಮೊದಲು ಹೋಗಿ. ಎದುರಾಳಿಯನ್ನು ದೊಡ್ಡವನನ್ನಾಗಿ ತೋರಿಸುವ ಕೆಲಸ ಸೋತವರದ್ದೇ, ಅದು ಗೆಲ್ಲುವುದಕ್ಕಿಂತ ಕಷ್ಟದ್ದು.

ಮುಖ್ಯ ಪಂದ್ಯ ಮುಗಿದ ಕೂಡಲೇ ಪಾರ್ಕಿಂಗ್‌ಗೆ ಓಡಬೇಡಿ. ಸೋತವರೋ ಗೆದ್ದವರೋ ಮೈಕ್ ಹಿಡಿದು ಎರಡು ಮಾತಾಡುತ್ತಾರೆ, ಎಷ್ಟೋ ಸಲ ಇಡೀ ಶೋದಲ್ಲಿ ಅದೇ ಮನಸ್ಸಿಗೆ ತಟ್ಟುವ ಭಾಗ. ಆಮೇಲೆ ವಿದ್ಯಾರ್ಥಿಗಳು ಕುರ್ಚಿ ಮಡಚಲು ಶುರುಮಾಡುತ್ತಾರೆ, ನಿಮ್ಮ ಕುರ್ಚಿ ಸುತ್ತಲಿನ ಕಪ್ಪು, ಕಾಗದ ಎತ್ತಿ ಕಸದ ಡಬ್ಬಿಗೆ ಹಾಕಿ.

ಮನೆಗೆ ಬಂದು ಇಷ್ಟವಾದವರ ಹೆಸರು ಬರೆದು ಪೋಸ್ಟ್ ಹಾಕಿ, ಅವರನ್ನು ಟ್ಯಾಗ್ ಮಾಡಿ. ಬೇರೆ ಊರಿನ ಪ್ರೊಮೋಟರ್‌ಗಳು ಇಂಥದ್ದನ್ನು ನೋಡಿಯೂ ಕರೆ ಮಾಡುತ್ತಾರೆ. ಶೋದ ವಿಡಿಯೊ ಐಡಬ್ಲ್ಯುಟಿವಿಯಲ್ಲೋ ಬೇರೆಲ್ಲೋ ಬಂದರೆ ಅಲ್ಲೇ ನೋಡಿ, ಕದ್ದ ಲಿಂಕ್ ಹುಡುಕಬೇಡಿ. ಮುಂದಿನ ಶೋ ತಾರೀಖು ಬಹುಮಟ್ಟಿಗೆ ಅವತ್ತೇ ಹೇಳಿಬಿಡುತ್ತಾರೆ, ಟಿಕೆಟ್ ಮೇಜಿನಲ್ಲಿ ಕೇಳಿದರೆ ಒಳ್ಳೆಯ ಸೀಟು ಮೊದಲೇ ಸಿಗಬಹುದು. ಆಗ ಬೇಕಾದರೆ ಮುಂದಿನ ಸಾಲು ತಗೊಳ್ಳಿ.